ಕೊಟ್ಟೆ ಅಂದ್ಕೊಳ್ಳಿ

ನನ್ನ ಕಸುಬು ಸಾಯುವುದು. ಗಾಬರಿಯಾಗಬೇಡಿ, ಸತ್ತ ಮೇಲೆ ಎದ್ದು ಚಹಾ ಕುಡಿದು ಮನೆಗೆ ಹೋಗುತ್ತೇನೆ. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾಗುವ ಹುಡುಗರನ್ನೂ ನರ್ಸ್ ಆಗುವ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ 'ರೋಗಿ ಸುರಕ್ಷತೆ' ಎಂಬ ಪಾಠ ಮಾಡುತ್ತಾರೆ. ಪಾಠಕ್ಕೆ ರೋಗಿ ಬೇಕಲ್ಲ? ನಿಜವಾದ ರೋಗಿಗಳ ಮೇಲೆ ತಪ್ಪು ಮಾಡಿ ಕಲಿಯುವುದು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಯಾರೋ ಪುಣ್ಯಾತ್ಮರಿಗೆ ಹೊಳೆದದ್ದರಿಂದ ನನಗೆ ಕೆಲಸ ಸಿಕ್ಕಿತು. ಮೊದಲು ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೆ, ನಿವೃತ್ತಿಯಾದ ಮೇಲೆ ಸುಳ್ಳು ರೋಗಿಯಾದೆ. ತಪ್ಪು ಔಷಧಿಗೆ ಸತ್ತಿದ್ದೇನೆ, ತಪ್ಪು ರಕ್ತಕ್ಕೆ ಸತ್ತಿದ್ದೇನೆ, ಎಡಗಾಲಿನ ಬದಲು ಬಲಗಾಲು ಕತ್ತರಿಸಿಕೊಂಡು ಎರಡೂ ಕಾಲಲ್ಲಿ ನಡೆದುಕೊಂಡೇ ಮನೆಗೆ ಬಂದಿದ್ದೇನೆ.

ಈ ಪಾಠದ ಯಜಮಾನರು ಒಬ್ಬ ಪ್ರೊಫೆಸರು. ಹುಡುಗರೆಲ್ಲ ಅವರನ್ನು 'ಸುರಕ್ಷಾ ಸರ್' ಎನ್ನುತ್ತಾರೆ, ಅವರಿಗೂ ಅದು ಇಷ್ಟ. ಅಂಗಿಯ ಜೇಬಿನ ಮೇಲೆ 'ಸುರಕ್ಷತೆಯೇ ಮೊದಲು' ಎಂದು ಬರೆದ ಬಿಲ್ಲೆ ಸಿಕ್ಕಿಸಿಕೊಂಡೇ ಇರುತ್ತಾರೆ. ಪೋಸ್ಟರ್ ಎಂದರೆ ಅವರಿಗೆ ಪ್ರಾಣ. ಕೈ ಹೇಗೆ ತೊಳೆಯಬೇಕು ಎಂದು ತೋರಿಸುವ ಪೋಸ್ಟರನ್ನು ಎಷ್ಟು ಭರ್ಜರಿಯಾಗಿ ಮಾಡಿಸಿದರೆಂದರೆ, ಅದು ಗೋಡೆಯಲ್ಲಿ ಹಿಡಿಯಲಿಲ್ಲ ಎಂದು ಅಲ್ಲಿದ್ದ ಬೇಸಿನ್ನನ್ನೇ ಕಿತ್ತು ಕಾರಿಡಾರಿನ ಆ ತುದಿಗೆ ಸಾಗಿಸಿದರು. ಈಗ ಕೈ ತೊಳೆಯುವುದು ಹೇಗೆ ಎಂದು ಎಲ್ಲರಿಗೂ ಗೊತ್ತು, ಎಲ್ಲಿ ಎಂದು ಮಾತ್ರ ಕೇಳಬಾರದು. 'ಎಚ್ಚರಿಕೆ, ನೆಲ ಜಾರುತ್ತದೆ' ಎಂಬ ಬೋರ್ಡಿಗೆ ಎಡವಿ ಬಿದ್ದ ಗುಮಾಸ್ತರೊಬ್ಬರು ಈಗಲೂ ಕುಂಟುತ್ತಿದ್ದಾರೆ.

ತರಗತಿಯಲ್ಲಿ ಸಾಮಾನು ಖರ್ಚಾಗುವುದು ಸುರಕ್ಷಾ ಸರ್‌ಗೆ ಸೇರದು. ಸಿರಿಂಜು, ಹತ್ತಿ, ಗ್ಲೂಕೋಸ್ ಎಲ್ಲ ಬೀರುವಿನೊಳಗೆ ಭದ್ರವಾಗಿರುತ್ತವೆ. ಬೀಗದ ಕೈ ಸರ್ ಸೊಂಟದಲ್ಲಿ. "ನೋಡ್ರಪ್ಪಾ, ಏನು ಮಾಡ್ತೀರ ಅಂತ ಬಾಯಲ್ಲಿ ಹೇಳಿದ್ರೆ ಸಾಕು. ಮಾರ್ಕು ಹೇಳೋದಕ್ಕೆ, ಮಾಡೋದಕ್ಕಲ್ಲ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಲ್ಲಿಂದ ಶುರುವಾದದ್ದು 'ಅಂದ್ಕೊಳ್ಳಿ'.

ಹುಡುಗರು ಬಾಗಿಲಿನಿಂದ ಒಳಗೆ ಬರುತ್ತಲೇ, "ಕೈ ತೊಳೆದೆ ಅಂದ್ಕೊಳ್ಳಿ." ನನ್ನ ಮಂಚದ ಹತ್ತಿರ ಬಂದು, "ಹೆಸರು ಕೇಳಿದೆ ಅಂದ್ಕೊಳ್ಳಿ, ಕೈಪಟ್ಟಿ ನೋಡಿದೆ ಅಂದ್ಕೊಳ್ಳಿ." ನಾನು ಬಾಯಿ ತೆರೆದು ನರಳಿದರೆ, "ಸಮಾಧಾನ ಮಾಡಿದೆ ಅಂದ್ಕೊಳ್ಳಿ." ನಾನು ಉಸಿರು ನಿಲ್ಲಿಸಿದರೆ, "ಎದೆ ಒತ್ತಿದೆ ಅಂದ್ಕೊಳ್ಳಿ." ಸರ್ ಪ್ರತಿ ಅಂದ್ಕೊಳ್ಳಿಗೂ ತಲೆ ಆಡಿಸಿ ಟಿಕ್ ಹಾಕುವರು. ನಾನು ಬದುಕಿದೆ ಅಂದುಕೊಂಡು ಏಳುತ್ತಿದ್ದೆ.

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಮೆಡಿಕಲ್ ಓದುತ್ತಿದ್ದ ಒಬ್ಬ ಹುಡುಗ. ಯಾವಾಗಲೂ ಮುಂದೆಯೇ ಕೂರುತ್ತಿದ್ದರಿಂದ ಅವನಿಗೆ 'ಫಸ್ಟ್ ಬೆಂಚ್' ಎಂದೇ ಹೆಸರು. ಒಂದೇ ಉಸಿರಿಗೆ ಅಷ್ಟೂ ಅಂದ್ಕೊಳ್ಳಿಗಳನ್ನು ಹೇಳಿ ಮುಗಿಸಿ, ನನ್ನ ಮುಖವನ್ನೂ ನೋಡದೆ ಸರ್ ಪೆನ್ನಿನ ಕಡೆ ನೋಡುತ್ತಿದ್ದ. ಅವನ ಜೋಡಿಯಾಗಿ ಬರುತ್ತಿದ್ದ ನರ್ಸಿಂಗ್ ಹುಡುಗಿಗೆ 'ಪಿಸುಮಾತು' ಎನ್ನುತ್ತಿದ್ದರು. ಅವಳು ಮಾತಾಡಿದರೆ ಅವಳ ಕಿವಿಗೇ ಕೇಳಿಸುತ್ತಿತ್ತೋ ಇಲ್ಲವೋ. ತಪ್ಪು ಕಂಡರೆ ಯಾರಾದರೂ ಸರಿ, ಎಷ್ಟು ಚಿಕ್ಕವರಾದರೂ ಸರಿ, 'ನಿಲ್ಲಿ' ಎಂದು ಗಟ್ಟಿಯಾಗಿ ಹೇಳಬೇಕು ಎಂಬುದು ಸುರಕ್ಷಾ ಸರ್ ಪಾಠದ ದೊಡ್ಡ ತತ್ವ. ಒಮ್ಮೆ ಪಿಸುಮಾತು ಕೈ ಎತ್ತಿ, "ಸರ್, ನಿಜವಾದ ಗ್ಲೂಕೋಸ್ ಬಾಟ್ಲಿ ಒಂದ್ಸಲ ತೆಗೆದು ನೋಡಬಹುದಾ?" ಎಂದಳು. "ಮಧ್ಯೆ ಮಾತಾಡಬಾರದು," ಎಂದರು ಸರ್.

ನನ್ನ ಅತಿ ಪ್ರಸಿದ್ಧ ಪಾತ್ರ ಸಕ್ಕರೆ ಇಳಿದ ರೋಗಿಯದು. ಕೈ ನಡುಗಿಸಬೇಕು, ತೊದಲಬೇಕು, ಅಸಂಬದ್ಧ ಬಡಬಡಿಸಬೇಕು, ಆಮೇಲೆ ಕಣ್ಣು ಮೇಲೆ ಮಾಡಬೇಕು. ಶುರುವಿಗೆ ಮೊದಲು ಸರ್ ಒಂದು ಬಾಟಲಿಯಿಂದ ನನ್ನ ಹಣೆಗೆ ನೀರು ಚುಮುಕಿಸುತ್ತಾರೆ, ಅದು ಬೆವರು. ಕೆಲವೊಮ್ಮೆ ನಾನು ಮಂಚದ ಮೇಲೆ ಮಲಗುವುದಿಲ್ಲ, ರೋಗಿಯ ಕಡೆಯವಳಾಗಿ ಪಕ್ಕದಲ್ಲಿ ನಿಂತು ಎದೆ ಬಡಿದುಕೊಳ್ಳುತ್ತೇನೆ. ಆಗ ನನ್ನ ಡೈಲಾಗು, "ಅಯ್ಯೋ, ಇದು ನಾಟಕ ಅಲ್ಲಪ್ಪಾ, ನಿಜ! ಯಾರಾದ್ರೂ ಬನ್ನಿ!" ಸಹಜವಾಗಿರಲಿ ಎಂದು ಸರ್ ಖುದ್ದಾಗಿ ಬರೆದ ಸಾಲು ಅದು. ಅದನ್ನು ಕೇಳಿದರೆ ಹುಡುಗರು ಮುಸಿಮುಸಿ ನಗುತ್ತಾರೆ.

ಮನೆಯಲ್ಲಿ ನನಗೆ ಒಬ್ಬಳೇ ವಿಮರ್ಶಕಿ, ನನ್ನ ತಂಗಿ. ಅವಳು ದರ್ಜಿ. ನಾವಿಬ್ಬರೂ ಒಂದೇ ಮನೆಯಲ್ಲಿ ಇರುವುದು. ಮುಂದಿನ ಕೋಣೆ ಅವಳ ಹೊಲಿಗೆ ಅಂಗಡಿ, ಹಿಂದಿನದು ನಮ್ಮ ಜಗಳದ ಜಾಗ. ಅವಳಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ ಇದೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಹಾಗಾಗಿ ನಾನು ಕನ್ನಡಿ ಮುಂದೆ ನಿಂತು ತಾಲೀಮು ಮಾಡಿದರೆ ಅವಳಿಗೆ ಹೊಟ್ಟೆ ಹಿಡಿದುಕೊಂಡು ನಗು.

"ಅಕ್ಕಾ, ನಿನ್ನ ಬೆವರು ಹಣೆಗೆ ಮಾತ್ರ ಬರುತ್ತಾ?" ಎಂದಳು ಒಂದು ದಿನ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ನಾನು ಬಟ್ಟೆ ಹೊಲಿಯೋಳು, ನನ್ನ ಕೇಳು. ಬೆವರು ಮೊದಲು ಬೆನ್ನಿಗೆ ಬರುತ್ತೆ. ನಿನ್ನ ಬೆನ್ನು ಮುಟ್ಟಿದ್ರೆ ಸಾಕು, ನಾಟಕ ಅಂತ ಗೊತ್ತಾಗಿಬಿಡುತ್ತೆ."

"ಯಾರೂ ನನ್ನ ಮುಟ್ಟೋದೇ ಇಲ್ಲ ಕಣೇ," ಎಂದೆ. "ಮುಟ್ಟಿದೆ ಅಂದ್ಕೊಳ್ಳಿ ಅಂತಾರೆ."

ಆಮೇಲಿನಿಂದ ಅವಳಿಗೆ ಹೊಸ ಆಟ ಸಿಕ್ಕಿತು. ಊಟಕ್ಕೆ ಕರೆದರೆ ನನ್ನ ಹಾಗೆಯೇ ಕೈ ನಡುಗಿಸಿ, ತೊದಲಿ, ಕಣ್ಣು ಮೇಲೆ ಮಾಡಿ ಕುರ್ಚಿಯಲ್ಲಿ ಜೋತುಬೀಳುವಳು. ನನಗಿಂತ ಚೆನ್ನಾಗಿ ಮಾಡುತ್ತಿದ್ದಳು, ಅದೇ ಹೊಟ್ಟೆಕಿಚ್ಚು.

ಅವಳಿಗೆ ಕೆಲವು ದಿನಗಳಿಂದ ಹೊಟ್ಟೆನೋವು ಕಾಣಿಸಿಕೊಂಡಿತ್ತು. ತೋರಿಸಿದರೆ, ಅಡ್ಮಿಟ್ ಆಗಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗ್ ಮಾಡೋಣ ಎಂದರು. ನನ್ನ ಕಾಲೇಜಿನ ಆಸ್ಪತ್ರೆಯೇ. ಅವಳು ಮಂಚದ ಮೇಲೆ ಕೂತು ಪರದೆಯ ಹೊಲಿಗೆ ಪರೀಕ್ಷಿಸಿ, "ಥೂ, ಇದನ್ನ ಹೊಲಿದೋನು ಕಣ್ಣು ಮುಚ್ಕೊಂಡು ಹೊಲಿದಿದಾನೆ," ಎಂದಳು. ಸ್ಕ್ಯಾನಿಂಗ್ ಇದ್ದದ್ದು ಸುರಕ್ಷತಾ ದಿನದಂದೇ. ಅಂದು ಹೊರಗಿನಿಂದ ದೊಡ್ಡವರು ಬಂದು ಆಸ್ಪತ್ರೆ ಎಷ್ಟು ಸುರಕ್ಷಿತ ಎಂದು ನೋಡುವುದಿತ್ತು. ವಾರ್ಡಿನ ಸಿಸ್ಟರುಗಳು, ಸ್ಕ್ಯಾನಿಂಗ್ ಡಾಕ್ಟರು, ಸಿಬ್ಬಂದಿಯೆಲ್ಲ ಹಾಲ್‌ನಲ್ಲಿ ಪ್ರಮಾಣ ವಚನದ ತಾಲೀಮಿಗೆ ಹೋದರು. ರೋಗಿಗಳನ್ನು ಸುರಕ್ಷಿತವಾಗಿ ನೋಡಿಕೊಳ್ಳುತ್ತೇವೆ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಬೇಕಿತ್ತು. ರೋಗಿಗಳನ್ನು ನೋಡಿಕೊಳ್ಳಲು ವಾರ್ಡಿನಲ್ಲಿ ಉಳಿದವರು ಫಸ್ಟ್ ಬೆಂಚ್ ಮತ್ತು ಪಿಸುಮಾತು.

ಅದಕ್ಕೆ ಮೊದಲೇ ಆಗಬಾರದ್ದು ಆಗಿತ್ತು. ಮುಂಜಾನೆ ಬಂದ ಸಿಸ್ಟರ್ ದಿನದ ರೂಢಿಯಂತೆ ತಂಗಿಗೆ ಇನ್ಸುಲಿನ್ ಚುಚ್ಚಿದರು. ಅವರ ಹಿಂದೆಯೇ ತಿಂಡಿಯ ತಟ್ಟೆ ಬಂತು. ತಟ್ಟೆಯ ಹಿಂದೆಯೇ ಇನ್ನೊಬ್ಬ ಸಿಸ್ಟರ್ ಬಂದು, "ಇವರಿಗೆ ಸ್ಕ್ಯಾನಿಂಗ್ ಇದೆ, ತಿಂಡಿ ಕೊಡಬಾರದು," ಎಂದು ಅದನ್ನು ಎತ್ತಿಕೊಂಡು ಹೋದರು. ಇನ್ಸುಲಿನ್ ಒಳಗೆ, ತಿಂಡಿ ಹೊರಗೆ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ನಾನು ಮನೆಯಿಂದ ಬರುವಷ್ಟರಲ್ಲಿ ಇದೆಲ್ಲ ನಡೆದುಹೋಗಿತ್ತು, ನನಗೆ ತಿಳಿದದ್ದು ಆಮೇಲೆ. ಬಂದಾಗ ತಂಗಿ, "ಹಸಿವು ಕಣೇ ಅಕ್ಕಾ," ಎಂದಳು. "ತಡ್ಕೋ, ಸ್ಕ್ಯಾನಿಂಗ್ ಡಾಕ್ಟರು ಪ್ರಮಾಣ ಮಾಡ್ತಿದ್ದಾರೆ," ಎಂದೆ. ನಕ್ಕೆವು.

ಸ್ವಲ್ಪ ಹೊತ್ತಿಗೆ ಅವಳ ಕೈ ನಡುಗಿತು. "ಆ ರವಿಕೆ ತೋಳು ಉದ್ದ ಆಯ್ತು, ಬಿಚ್ಚು, ಬಿಚ್ಚು," ಎಂದಳು. ಯಾವ ತೋಳು ಎಂದು ಕೇಳಿದೆ. ತೊದಲಿದಳು. ಕಣ್ಣು ಮೇಲೆ ಹೋಯಿತು.

ನಾನು ನಕ್ಕೆ. ಸುಳ್ಳು ಹೇಳುವುದಿಲ್ಲ, ನಕ್ಕೆ. "ಸಾಕು ಬಿಡೇ, ಆಸ್ಪತ್ರೆಯಲ್ಲೂ ನನ್ನ ಅಣಕಿಸ್ತೀಯಾ?" ಎಂದು ಅವಳನ್ನು ಎಬ್ಬಿಸಿ ಕೂರಿಸಲು ಬೆನ್ನ ಕೆಳಗೆ ಕೈ ಹಾಕಿದೆ. ಅಂಗಿ ತೊಪ್ಪೆಯಾಗಿತ್ತು. ಹಾಸಿಗೆಯೂ ಒದ್ದೆ. ಅವಳ ಚೀಲಕ್ಕೆ ಕೈ ಹಾಕಿದೆ.

ಚೀಲದಲ್ಲಿ ಸಕ್ಕರೆ ಇತ್ತು. ಆದರೆ ನುಂಗಲಾರದವರ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗಿಬಿಡುತ್ತದೆ ಎಂದು ತರಗತಿಯ ಮಂಚಗಳ ಮೇಲೆ ಸತ್ತು ಸತ್ತು ಕಲಿತಿದ್ದೆ. ಅವಳ ಕೈಗೆ ಡ್ರಿಪ್ಪಿನ ಸೂಜಿ ಹಾಕಿಯೇ ಇತ್ತು, ಗ್ಲೂಕೋಸ್ ಅದರಲ್ಲೇ ಹೋಗಬೇಕು. ಗಂಟಲು ಹರಿಯುವಂತೆ ಕೂಗಿದೆ.

ಫಸ್ಟ್ ಬೆಂಚ್ ಬಂದ. ಓಡಿ ಬರಲಿಲ್ಲ, ಕೋಟಿನ ಗುಂಡಿ ಹಾಕಿಕೊಂಡು ಠೀವಿಯಿಂದ ಬಂದ. ಹಿಂದೆ ಪಿಸುಮಾತು. ನನ್ನನ್ನು ನೋಡಿದ್ದೇ ಅವನ ಮುಖ ಅರಳಿತು. ಸುರಕ್ಷತಾ ದಿನದಂದು ಯಾವುದಾದರೂ ಒಂದು ವಾರ್ಡಿನಲ್ಲಿ, ಹೇಳದೆ ಕೇಳದೆ, ಅಣಕು ಪರೀಕ್ಷೆ ನಡೆಯುತ್ತದೆ ಎಂದು ಸರ್ ಮೊದಲೇ ಸಾರಿದ್ದರು. ಹೇಳದೆ ಮಾಡುವುದನ್ನೂ ಹೇಳಿಯೇ ಮಾಡುವವರು ಅವರು.

"ಅಮ್ಮಾ, ನಿಮ್ಮನ್ನ ನೋಡಿದ ತಕ್ಷಣ ಗೊತ್ತಾಗೋಯ್ತು," ಎಂದ ಕಣ್ಣು ಮಿಟುಕಿಸಿ. ಆಮೇಲೆ ಎದೆ ಸೆಟೆಸಿ, ಇಲ್ಲದ ಸರ್ ಕಡೆ ತಿರುಗಿ ಶುರು ಮಾಡಿದ. "ಕೈ ತೊಳೆದೆ ಅಂದ್ಕೊಳ್ಳಿ. ಹೆಸರು ಕೇಳಿದೆ ಅಂದ್ಕೊಳ್ಳಿ."

"ಏ, ಇವಳು ನನ್ನ ತಂಗಿ ಕಣಪ್ಪಾ! ಸಕ್ಕರೆ ಇಳಿದುಹೋಗಿದೆ!"

"ಸಕ್ಕರೆ ನೋಡಿದೆ ಅಂದ್ಕೊಳ್ಳಿ. ಕಡಿಮೆ ಇದೆ."

"ಅಯ್ಯೋ, ಇದು ನಾಟಕ ಅಲ್ಲಪ್ಪಾ, ನಿಜ! ಯಾರಾದ್ರೂ ಬನ್ನಿ!"

ಬಾಯಿಂದ ಹೊರಟ ಮೇಲೆ ನನಗೇ ತಿಳಿಯಿತು. ಸರ್ ಬರೆದ ಸಾಲು, ಅಕ್ಷರ ತಪ್ಪದೆ, ಅದೇ ರಾಗದಲ್ಲಿ. ಜೀವಮಾನವಿಡೀ ಮಕ್ಕಳಿಗೆ ಡೈಲಾಗು ಕಲಿಸಿದವಳಿಗೆ ಆ ಹೊತ್ತಿನಲ್ಲಿ ಒಂದು ಸ್ವಂತ ಮಾತು ಹುಟ್ಟಲಿಲ್ಲ. ಫಸ್ಟ್ ಬೆಂಚ್ ಮುಸಿಮುಸಿ ನಕ್ಕ. "ಇವತ್ತು ಸಕತ್ತಾಗಿ ಮಾಡ್ತಿದ್ದೀರ ಅಮ್ಮಾ. ಗ್ಲೂಕೋಸ್ ಕೊಟ್ಟೆ ಅಂದ್ಕೊಳ್ಳಿ," ಎಂದ.

ನನ್ನ ತಂಗಿಯ ತುಟಿ ಬಿಳಿಚಿಕೊಂಡಿತ್ತು. ಇವಳು ಇಲ್ಲದ ಮನೆ ಹೇಗಿರುತ್ತದೆ ಎಂಬುದು ಒಂದು ಕ್ಷಣ ಕಣ್ಣಿಗೆ ಕಟ್ಟಿತು. ಮುಂದಿನ ಕೋಣೆಯಲ್ಲಿ ಮುಚ್ಚಿಟ್ಟ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಜಗಳಕ್ಕೆ ಯಾರೂ ಇಲ್ಲದ ನಾನು. ನನಗೆ ಆದಷ್ಟು ಭಯ ಯಾವ ನಾಟಕದಲ್ಲೂ ಯಾರಿಗೂ ಆಗಿರಲಿಕ್ಕಿಲ್ಲ. ಮಾತು ಬಿಟ್ಟೆ. ಹುಡುಗನ ಮಣಿಕಟ್ಟು ಹಿಡಿದು ಎಳೆದು, ಅವನ ಕೈಯನ್ನು ತಂಗಿಯ ಬೆನ್ನ ಕೆಳಗೆ ತುರುಕಿದೆ.

ಅವನ ನಗು ಹಾಗೆಯೇ ಅರ್ಧಕ್ಕೆ ನಿಂತಿತು. ಕೈ ಹೊರಗೆ ತೆಗೆದು ಒದ್ದೆ ಬೆರಳುಗಳನ್ನು ನೋಡಿದ. ಬಾಯಿ 'ಅಂ' ಎಂದು ತೆರೆದುಕೊಂಡಿತು, ಮುಂದಿನದು ಬರಲಿಲ್ಲ. ಎಲ್ಲ ಕೆಲಸವನ್ನೂ ಬಾಯಲ್ಲೇ ಮಾಡಿ ಕಲಿತವನು ಕೈಯಿಂದ ಎಲ್ಲಿ ಶುರು ಮಾಡಬೇಕೆಂದು ತಿಳಿಯದೆ ಕಂಬದ ಹಾಗೆ ನಿಂತ.

"ನಿಲ್ಲಿ!"

ವಾರ್ಡಿನ ಅಷ್ಟೂ ಮಂಚಗಳವರು ತಿರುಗಿ ನೋಡಿದರು. ಪಿಸುಮಾತು ಕೂಗಿದ್ದಳು. ಯಾರಿಗೆ ನಿಲ್ಲಿ ಎಂದಳೋ, ಹುಡುಗನಂತೂ ಆಗಲೇ ನಿಂತಿದ್ದ, ಬಾಯಿಗೆ ಬಂದ ಗಟ್ಟಿ ಮಾತು ಅದೊಂದೇ ಇರಬೇಕು. "ಡ್ರಿಲ್ ಅಲ್ಲ ಕಣೋ ಇದು! ಪಕ್ಕದ ವಾರ್ಡಿನ ಡಾಕ್ಟರ್‌ನ ಕರಿ, ಓಡು!" ಎಂದು ಅವನನ್ನು ತಳ್ಳಿ, ತುರ್ತು ಟ್ರಾಲಿಯ ಕಡೆ ನುಗ್ಗಿದಳು.

ಟ್ರಾಲಿಯನ್ನು ನೀವು ನೋಡಬೇಕಿತ್ತು. ಬಂದವರ ಕಣ್ಣಿಗೆ ಓರಣವಾಗಿ ಕಾಣಲಿ ಎಂದು ಸುರಕ್ಷಾ ಸರ್ ಹಿಂದಿನ ದಿನವೇ ಅದರ ಪ್ರತಿ ಖಾನೆಗೂ ಅಗಲವಾದ ಟೇಪು ಸುತ್ತಿಸಿ, 'ತಪಾಸಣೆ ಮುಗಿಯುವ ತನಕ ತೆರೆಯಬಾರದು' ಎಂದು ಚೀಟಿ ಅಂಟಿಸಿದ್ದರು. ಮೇಲೊಂದು ಬಲೂನು. ಅಷ್ಟು ಸುರಕ್ಷಿತವಾದ ಟ್ರಾಲಿ ಪ್ರಪಂಚದಲ್ಲೇ ಇರಲಿಲ್ಲ, ಯಾರೂ ಏನನ್ನೂ ತೆಗೆಯುವಂತಿರಲಿಲ್ಲ. ಉಗುರಿಗೆ ಟೇಪು ಬಗ್ಗಲಿಲ್ಲ. ಹುಡುಗಿ ಹಲ್ಲಿನಿಂದ ಕಚ್ಚಿ ಎಳೆದಳು. ತಂಗಿಯ ಚೀಲದಲ್ಲಿ ಸದಾ ಒಂದು ಕತ್ತರಿ ಇರುವುದು ನನಗೆ ಆಗ ನೆನಪಾಯಿತು. ಕೊಟ್ಟೆ. ಚರಕ್ಕೆಂದು ಕತ್ತರಿಸಿದಳು, ಚೀಟಿ ಹರಿಯಿತು, ಬಲೂನು ಒಡೆಯಿತು.

ಬೆರಳು ಚುಚ್ಚಿ ನೋಡಿದರೆ ಸಕ್ಕರೆಯ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, 'ಲೋ' ಎಂದಷ್ಟೇ ಬಂತು. ಅಷ್ಟರಲ್ಲಿ ಡಾಕ್ಟರಮ್ಮ ಒಬ್ಬರು ಚಪ್ಪಲಿ ಬಿಟ್ಟು ಓಡಿ ಬಂದರು, ಅವರ ಹಿಂದೆ ಏದುಸಿರು ಬಿಡುತ್ತಾ ಫಸ್ಟ್ ಬೆಂಚ್. ಪಿಸುಮಾತು ಸಿರಿಂಜಿಗೆ ಗ್ಲೂಕೋಸ್ ತುಂಬಿಕೊಟ್ಟಳು. ಡಾಕ್ಟರಮ್ಮ ತಂಗಿಯ ಕೈಯ ಸೂಜಿಗೆ ನಿಧಾನವಾಗಿ ಒತ್ತಿದರು. ಈ ಸಲ ಯಾರೂ ಏನನ್ನೂ ಅಂದುಕೊಳ್ಳಬೇಕಾಗಿರಲಿಲ್ಲ. ನಾನು ತಂಗಿಯ ಕಾಲು ಹಿಡಿದುಕೊಂಡು ನಿಂತಿದ್ದೆ. ಎಷ್ಟು ಹೊತ್ತೋ, ನನ್ನ ಪಾಲಿಗೆ ಅದು ಮುಗಿಯುವಂತೆಯೇ ಇರಲಿಲ್ಲ.

ಅವಳ ಕಣ್ಣು ಕೆಳಗೆ ಇಳಿಯಿತು. ಡಾಕ್ಟರಮ್ಮನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಯಾಕೆ ಅಕ್ಕಾ ಹೀಗೆ ನೋಡ್ತೀಯಾ?" ಎಂದಳು ದಪ್ಪ ನಾಲಿಗೆಯಲ್ಲಿ. "ನಿನಗಿಂತ ಚೆನ್ನಾಗಿ ಮಾಡಿದ್ನಾ?"

ನಾನು ಅಲ್ಲೇ ಕುಸಿದು ಕೂತು ಅತ್ತೆ. ಅದಕ್ಕೆ ಯಾರ ಸ್ಕ್ರಿಪ್ಟೂ ಬೇಕಾಗಲಿಲ್ಲ.

ಸುರಕ್ಷಾ ಸರ್ ಬಂದದ್ದು ಎಲ್ಲ ಮುಗಿದ ಮೇಲೆ, ಕೊರಳಲ್ಲಿ ಹೂಮಾಲೆಯ ಸಮೇತ. ಮೊದಲು ನೋಡಿದ್ದು ರೋಗಿಯನ್ನಲ್ಲ, ಟ್ರಾಲಿಯನ್ನು. "ಯಾರು ಇದನ್ನ ಕತ್ತರಿಸಿದ್ದು?" ಎಂದರು. ಪಿಸುಮಾತು ಕೈ ಎತ್ತಿದಳು. ಹೊರಗಿನಿಂದ ಬಂದ ದೊಡ್ಡವರು ಜೊತೆಯಲ್ಲೇ ಇದ್ದುದರಿಂದ ಸರ್ ಮಾತು ಬದಲಿಸಿದರು. ನಮ್ಮ ಬೋಧನೆಯ ಫಲ ನೋಡಿ, ವಿದ್ಯಾರ್ಥಿಗಳು ಎಷ್ಟು ಚುರುಕಾಗಿ ಸ್ಪಂದಿಸಿದ್ದಾರೆ ಎಂದು ವಿವರಿಸಿದರು. ದೊಡ್ಡವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರ ಕಾರು ಗೇಟು ದಾಟಿದ ಮೇಲೆ, ಟೇಪು ಹರಿದಿದ್ದಕ್ಕೆ ಕಾರಣ ಕೊಡಿ ಎಂದು ಪಿಸುಮಾತುವನ್ನು ಕೇಳಲಾಯಿತು.

ಆಗ ನನ್ನ ತಾಳ್ಮೆ ತಪ್ಪಿತು. ನೇರ ಸರ್ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದಂತೆ ಬೈಯಬೇಕು ಎಂದು ಹೋದವಳು, ಎದುರಿನ ಗೋಡೆಯಲ್ಲಿ 'ತಪ್ಪನ್ನು ಒಪ್ಪಿಕೊಳ್ಳುವುದೇ ಸುರಕ್ಷತೆಯ ಮೊದಲ ಹೆಜ್ಜೆ' ಎಂಬ ಪೋಸ್ಟರ್ ಕಂಡು ಸ್ವಲ್ಪ ತಣ್ಣಗಾದೆ.

"ಸರ್, ಆ ಹುಡುಗಿಗೆ ಕಾರಣ ಕೇಳಿದ್ದೀರಲ್ಲ, ನನ್ನ ತಂಗಿಯನ್ನ ಒಂದ್ಸಲ ಕ್ಷಮೆ ಕೇಳಬಾರದಾ?"

ಅವರು ಕೂತಲ್ಲೇ ಕೈ ಮುಗಿದರು. "ನೋಡಿ ಅಮ್ಮಾ, ಇವತ್ತು ಸಿಕ್ಕಾಪಟ್ಟೆ ಕೆಲಸ. ಕೇಳಿದೆ ಅಂದ್ಕೊಳ್ಳಿ."

ನಾನು ಹೊರಗೆ ಬಂದೆ. ಡಾಕ್ಟರಮ್ಮ ಮಧ್ಯೆ ಬಂದು ಕೂಗಾಡಿದ್ದರಿಂದ ಪಿಸುಮಾತುವಿನ ವಿಚಾರಣೆ ನಿಂತಿತು. ಇನ್ನು ಮೇಲೆ ತಿಂಡಿ ನಿಲ್ಲಿಸುವವರು ಇನ್ಸುಲಿನ್ ಕೊಡುವವರನ್ನು ಕೇಳಿಯೇ ನಿಲ್ಲಿಸಬೇಕು ಎಂಬ ನಿಯಮವನ್ನೂ ಅವರೇ ಮಾಡಿಸಿದರು. ಆ ನಿಯಮದ ಪೋಸ್ಟರ್ ಅಚ್ಚಿಗೆ ಹೋಗಿದೆಯಂತೆ. ತಂಗಿಯ ಹೊಟ್ಟೆನೋವಿಗೆ ಕಾರಣ ಸಣ್ಣ ಹುಣ್ಣು, ಮಾತ್ರೆಗೆ ಹೋಯಿತು. ಮನೆಗೆ ಬಂದವಳು ಊಟಕ್ಕೆ ಕರೆದರೆ ಈಗ ನಡುಗುವ ಆಟ ಆಡುವುದಿಲ್ಲ. ನಾನೂ ಕನ್ನಡಿ ಮುಂದೆ ತಾಲೀಮು ಬಿಟ್ಟಿದ್ದೇನೆ.

ಆದರೂ ಹುಡುಗರ ಪರೀಕ್ಷೆಯ ದಿನ ಹೋದೆ. ಬೇಡ ಎಂದರೂ ತಂಗಿಯೇ ಹೊರಡಿಸಿದಳು. "ನೀನು ಸಾಯದೆ ಇದ್ರೆ ಆ ಮಕ್ಕಳು ಯಾರ ಮೇಲೆ ಕಲೀಬೇಕು, ನನ್ನಂಥೋರ ಮೇಲಾ?" ಎಂದಳು. ಮಂಚದ ಮೇಲೆ ಮಲಗಿದೆ. ಸುರಕ್ಷಾ ಸರ್ ಹಣೆಗೆ ನೀರು ಚುಮುಕಿಸಿ, ಅಂಕದ ಹಾಳೆ ಹಿಡಿದು ಕೂತರು. ಒಳಗೆ ಬಂದವನು ಫಸ್ಟ್ ಬೆಂಚ್.

ನಾನು ಕೈ ನಡುಗಿಸಿದೆ, ತೊದಲಿದೆ, ಕಣ್ಣು ಮೇಲೆ ಮಾಡಿದೆ. ಅಂದ್ಕೊಳ್ಳಿ ಕೇಳಿಸಲಿಲ್ಲ. ಹುಡುಗ ಬಾಗಿಲಿನಿಂದ ಹೊರಗೆ ಹೋದ. ಕಾರಿಡಾರಿನ ಆ ತುದಿಯ ತನಕ ಹೋಗಿ, ಕೈ ತೊಳೆದು, ನೀರು ಸೋರಿಸುತ್ತಾ ವಾಪಸು ಬಂದ. ಸರ್ ಗಡಿಯಾರ ನೋಡಿ ಲೊಚಗುಟ್ಟಿದರು. ಅವನು ಬಗ್ಗಿ ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ ನನ್ನ ಬೆನ್ನ ಕೆಳಗೆ ಕೈ ಹಾಕಿದ. ಆ ಕೈ ನನ್ನದಕ್ಕಿಂತ ಜೋರಾಗಿ ನಡುಗುತ್ತಿತ್ತು, ಅದು ನಟನೆಯಲ್ಲ.

"ಒದ್ದೆ ಇಲ್ಲ," ಎಂದ, ಯಾರಿಗೂ ಅಲ್ಲದೆ. ಹೋದ ಉಸಿರು ಬಂದವನಂತೆ ಮಂಚದ ಅಂಚಿಗೆ ಕೂತುಬಿಟ್ಟ.

"ಇದೇನಯ್ಯಾ? ಬೆನ್ನು ಮುಟ್ಟೋದಕ್ಕೆ ಮಾರ್ಕಿಲ್ಲ," ಎಂದರು ಸರ್. ಹುಡುಗ ಕೈ ತೆಗೆಯಲಿಲ್ಲ. ಸರ್ ಬಗ್ಗಿ ನನ್ನ ಕಡೆ ನೋಡಿದರು. "ಏನಮ್ಮಾ ಇದು? ಈ ಪಾತ್ರದಲ್ಲಿ ಅಳೋದು ಇಲ್ಲವಲ್ಲ."

"ಅತ್ತಿಲ್ಲ ಅಂದ್ಕೊಳ್ಳಿ ಸರ್," ಎಂದೆ.